ಮನಗೂಳಿ ಶಂಕ್ರೆವ್ವನ ಕಡೆಯ ಬಸ್ಸು

ಮನಗೂಳಿಯ ಬಜಾರಿನಿಂದ ಒಳಗೆ ಹೊರಳುವ ಓಣಿಯಲ್ಲಿ ಶಂಕ್ರೆವ್ವನ ಹಿಟ್ಟಿನ ಗಿರಣಿ ಇದೆ. ಜೋಳ, ಗೋಧಿ, ಕಡಲೆ ಹೊತ್ತು ತಂದ ಹೆಂಗಸರು ತಮ್ಮ ಪಾಳಿ ಬರುವ ತನಕ ಗೋಡೆಗೆ ಆತುಕೊಂಡು ಕೂಡುತ್ತಾರೆ. ಗಿರಣಿಯ ಸದ್ದಿಗೆ ಎಲ್ಲರದೂ ಎತ್ತರದ ದನಿ. ಮನೆಯಲ್ಲಿ ಪಿಸುಗುಟ್ಟಲೂ ಅಂಜುವ ಮಾತನ್ನು ಅಲ್ಲಿ ಕೂಗಿ ಹೇಳಿದರೂ ಪಕ್ಕದವಳಿಗಷ್ಟೇ ಕೇಳಿಸುತ್ತದೆ.

ಗಂಡ ತೀರಿಕೊಂಡಾಗ ಶಂಕ್ರೆವ್ವನಿಗೆ ನಲವತ್ತೊಂದು. ಗಿರಣಿ ಯಾರಿಗಾದರೂ ಕೊಟ್ಟುಬಿಡು ಎಂದು ಭಾವಂದಿರು ಹೇಳಿದರು. ಆಕೆ ಕೊಡಲಿಲ್ಲ. ಸವೆದ ಕಲ್ಲನ್ನು ಉಳಿ ಹಿಡಿದು ಒರಟು ಮಾಡುವುದನ್ನು, ಹರಿದ ಬೆಲ್ಟು ಕೂಡಿಸುವುದನ್ನು ತಾನೇ ಕಲಿತಳು. ಮಗ ಸಂಗಮೇಶ ಆಗ ಕಾಲೇಜಿನಲ್ಲಿದ್ದ. ಮರುವರ್ಷ ಮುದ್ದೇಬಿಹಾಳದಿಂದ ಕಡಲ ಕಡೆಗೆ ಹೊರಟ ಒಂದು ಪ್ರವಾಸದ ಬಸ್ಸಿನಲ್ಲಿ ಒಂದು ಸೀಟು ಖಾಲಿ ಇದೆಯೆಂದು ಯಾರೋ ಗಿರಣಿಯಲ್ಲಿ ಅಂದರು. ಗಂಡ ಸತ್ತು ವರ್ಷ ತುಂಬುವುದರೊಳಗೆ ಒಬ್ಬಳೇ ಊರು ತಿರುಗಲು ಹೋದಳೆಂದು ಓಣಿಯೆಲ್ಲ ಆಡಿಕೊಂಡಿತು. ಆಕೆ ಹೋಗಿ ಬಂದು ಹತ್ತು ದಿನ ಸಮುದ್ರದ ಮಾತನ್ನೇ ಆಡಿದಳು. ಆಡಿಕೊಂಡವರೇ ಕೇಳಿದರು, "ಮುಂದಿನ ವರ್ಷ ನಮ್ಮನ್ನೂ ಕರ್ಕೊಂಡು ಹೋಗವ್ವ."

ಅಲ್ಲಿಂದ ಶುರುವಾಯಿತು. ಪ್ರತಿವರ್ಷ ಜೋಳದ ರಾಶಿ ಮುಗಿದು ಯುಗಾದಿಯ ಆಚೀಚೆ ಶಂಕ್ರೆವ್ವನ ಬಸ್ಸು ಹೊರಡುತ್ತಿತ್ತು. ಮನಗೂಳಿಯವರು, ಗೊಳಸಂಗಿಯ ಬೀಗರು, ಬೀಗರ ಬೀಗರು, ಇಂಡಿ ಕಡೆಯ ಅಗರಖೇಡದವರು, ಎಲ್ಲ ಸೇರಿ ನಲವತ್ತರ ಹತ್ತಿರ. ಬಸ್ಸು ಸಿಂದಗಿಯ ಬಾಬುಲಾಲನದು. ಮಾಲಕನೂ ಅವನೇ, ಡ್ರೈವರನೂ ಅವನೇ. ಅಡಿಗೆ ಶಂಕ್ರೆವ್ವನದು. ಕಡಕ್ ರೊಟ್ಟಿಯ ಡಬ್ಬಿ, ಚಟ್ನಿಪುಡಿ, ದೊಡ್ಡ ಪಾತೇಲಿ, ಸ್ಟೋವು ಡಿಕ್ಕಿಗೇರಿದರೆ ಆರು ದಿನ ಯಾರೂ ಹೊರಗೆ ಉಣ್ಣುತ್ತಿರಲಿಲ್ಲ.

ಆಕೆಯ ನಿಜವಾದ ಕಸುಬು ಅಡಿಗೆಯಲ್ಲ, ಸೀಟು ತುಂಬಿಸುವುದು. ಬಾಯಲ್ಲಿ ದೇವರ ಹೆಸರು ಹೇಳಿ ಬರುವವಳಿಗೆ ಒಳಗೆ ಬೇಕಾದದ್ದು ಆರು ದಿನ ಇನ್ನೊಬ್ಬರು ಬಡಿಸಿದ ಊಟ ಎಂಬುದು ಆಕೆಗೆ ಗೊತ್ತು. ಅಣ್ಣನ ಮುಂದೆ ತೋರಿಸಲು ಕಡಲ ದಂಡೆಯ ಒಂದು ಫೋಟೋ ಸಿಕ್ಕರೆ ಸಾಕೆಂದು ಬರುವವನೂ ಗೊತ್ತು. ಅದಕ್ಕಿಂತ ಹೆಚ್ಚಾಗಿ, ಯಾರನ್ನು ಯಾವ ಅಂಜಿಕೆ ಹಿಡಿದು ನಿಲ್ಲಿಸಿದೆ ಎಂಬುದು ಗೊತ್ತು. ಬಸ್ಸಿನಲ್ಲಿ ವಾಂತಿಯಾಗುತ್ತದೆ ಅನ್ನುವವಳಿಗೆ ಮುಂದಿನ ಸೀಟು. ಎಮ್ಮೆ ಹಿಂಡುವವರಿಲ್ಲ ಅನ್ನುವವಳ ನೆರೆಮನೆಗೆ ತಾನೇ ಹೋಗಿ ಮಾತಾಡಿ ಬರುತ್ತಿದ್ದಳು. ಒಬ್ಬೊಬ್ಬರ ಅಂಜಿಕೆಯನ್ನೂ ಹುಡುಕಿ ತೆಗೆದು, ಅದಕ್ಕೆ ತಕ್ಕ ಮಾತು ಹೇಳಿ, ಕೊನೆಗೆ ಹೆಸರು ಬರೆದುಕೊಳ್ಳುವಳು.

ಎರಡು ಸಾವಿರದ ಇಪ್ಪತ್ತರಲ್ಲಿ ಮೂವತ್ತೆಂಟು ಹೆಸರು ಬರೆದಾಗಿತ್ತು. ಹೊರಡಲು ಐದು ದಿನ ಇರುವಾಗ ಊರೆಲ್ಲ ಬಂದ್ ಆಯಿತು. ಪ್ರವಾಸಕ್ಕೆಂದು ಬಡಿದಿಟ್ಟ ರೊಟ್ಟಿಗಳನ್ನು ಆಕೆ ಹೆದ್ದಾರಿಗೆ ಒಯ್ದು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆದುಹೋಗುತ್ತಿದ್ದ ಕೂಲಿಯವರಿಗೆ ಕೊಟ್ಟುಬಂದಳು. ಆಮೇಲೆ ಒಂದು ವರ್ಷ ಮನೆ, ಗಿರಣಿ, ಮನೆ. ಗಿರಣಿಯಲ್ಲೂ ಹೆಂಗಸರು ಕೂಡುವಂತಿಲ್ಲ. ಡಬ್ಬಿ ಇಟ್ಟು ಹೋಗಬೇಕು, ಆಮೇಲೆ ಬಂದು ಒಯ್ಯಬೇಕು.

ಮರುವರ್ಷ ಸಂಕ್ರಾಂತಿ ಕಳೆಯುತ್ತಲೇ ರೋಗ ಇಳಿಯಿತು ಎಂದರು. ನಿಂತ ಮದುವೆಗಳೆಲ್ಲ ನಡೆದವು. ಹೆಂಗಸರು ಮತ್ತೆ ಗೋಡೆಗೆ ಆತು ಕೂತರು. ಈ ಸಲ ಯಾರ ಬಾಯಲ್ಲೂ ದೇವರ ಮಾತಿಲ್ಲ, ಹರಕೆಯ ಮಾತಿಲ್ಲ.

"ಮನ್ಯಾಗ ಉಸಿರು ಕಟ್ಟಾಕತ್ತೈತಿ ಶಂಕ್ರಕ್ಕಾ. ಎಲ್ಲಿಗರ ಆಗ್ಲಿ, ಬಸ್ ಹತ್ಸು."

ಶಂಕ್ರೆವ್ವನಿಗೂ ಉಸಿರು ಕಟ್ಟಿತ್ತು. ವರ್ಷದಲ್ಲಿ ಆ ಆರು ದಿನ ಮಾತ್ರ ಆಕೆ ಯಾರ ಹೆಂಡತಿಯೂ ಅಲ್ಲದ, ಯಾರ ವಿಧವೆಯೂ ಅಲ್ಲದ, ನಲವತ್ತು ಜನಕ್ಕೆ ಹೇಳಿ ಕೇಳುವ ಹೆಂಗಸಾಗಿರುತ್ತಿದ್ದಳು. ಸಿಂದಗಿಗೆ ಫೋನ್ ಮಾಡಿದಳು. ಬಾಬುಲಾಲ ಎರಡನೆಯ ಮಾತಾಡಲಿಲ್ಲ. "ಗಾಡಿ ನಿಂತು ವರ್ಷ ಆತ್ರಿ ಅಕ್ಕಾರ. ಸೀಟೆಲ್ಲ ಇಲಿ ಕಡದು ಹಾಕ್ಯಾವು. ಹೊಲಿಸಿ ತಯಾರ ಮಾಡ್ತೇನಿ, ನೀವು ದಿನಾ ಹೇಳ್ರಿ." ಏಪ್ರಿಲ್ ಮೂರು, ಶನಿವಾರ ಎಂದು ಗೊತ್ತಾಯಿತು.

ಬೇಡ ಎಂದವಳು ಒಬ್ಬಳೇ, ಸೊಸೆ ಭುವನೇಶ್ವರಿ. ಆಕೆ ಊರಿನ ಆಶಾ ಕಾರ್ಯಕರ್ತೆ. ಮಾರ್ಚ್ ಕೊನೆಯ ಒಂದು ಮುಂಜಾನೆ ಗುಲಾಬಿ ಸೀರೆಯ ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತ ಅತ್ತೆಯ ಮುಂದೆ ನಿಂತಳು.

"ಅತ್ತಿ, ಈ ವರ್ಷ ಬ್ಯಾಡ್ರಿ. ಸೊಲ್ಲಾಪುರದಾಗ ಮತ್ತ ಎದ್ದೈತಂತ. ಧೂಳಖೇಡದ ಗಡಿ ನಾಕಾದಾಗ ಗಾಡಿ ತರುಬಿ ರಿಪೋರ್ಟ್ ಕೇಳಾಕತ್ತಾರ."

"ನಾವೇನ್ ಸೊಲ್ಲಾಪುರಕ್ಕ ಹೊಂಟೇವೇನು? ಈ ಕಡಿ ಹೊಂಟೇವಿ."

"ರೋಗಕ್ಕ ಆ ಕಡಿ ಈ ಕಡಿ ಅಂತ ಇರ್ತೈತೇನ್ರಿ? ಹೋಗೂದ ಇದ್ರ ವಯಸ್ಸಾದವರು, ಸಕ್ಕರಿ ಇದ್ದವರು ಮೊದ್ಲ ಸೂಜಿ ಹಾಕಿಸ್ಕೊಳ್ಳಿ. ನಾನ ಕರ್ಕೊಂಡು ಹೋಗ್ತೇನಿ."

"ಹಾಕಿಸ್ಕೊಂಡ್ರ ಎರಡು ದಿನ ಜ್ವರ ಬರ್ತಾವಂತ ನೀನ ಹೇಳ್ತಿ. ಬಂದ ಮ್ಯಾಲ ಹಾಕಿಸ್ಕೊಂತಾರ ಬಿಡು. ಹೋಗೂ ಹೊತ್ನ್ಯಾಗ ಎಲ್ಲಾರಿಗೂ ಜ್ವರ ಹಚ್ಚಿ ಕೂಡಿಸ್ಲೇನು?"

ಭುವನೇಶ್ವರಿಗೆ ಅತ್ತೆಯ ಹಟ ಗೊತ್ತು. ಬಾಗಿಲ ತನಕ ಹೋಗಿ ತಿರುಗಿ ನಿಂತಳು. "ಒಂದರ ನೆನಪಿಡ್ರಿ. ಕೆಮ್ಮು, ಜ್ವರ ಅಷ್ಟ ಅಲ್ಲ. ಯಾರಿಗರ ಬಾಯಿ ರುಚಿ, ಮೂಗಿನ ವಾಸನಿ ಹೋತಂದ್ರ ಮುಂದ ಹೋಗಬ್ಯಾಡ್ರಿ. ಅಲ್ಲೇ ದವಾಖಾನಿಗೆ ತೋರ್ಸ್ರಿ."

ಶಂಕ್ರೆವ್ವ ಆಗಲಿ ಎಂದಳು.

ಎರಡು ಸೀಟು ಉಳಿದಿದ್ದವು. ಗೊಳಸಂಗಿಗೆ ಕೊಟ್ಟಿದ್ದ ಗೆಳತಿ ಸುವರ್ಣಾಳಿಗೂ ಆಕೆಯ ಗಂಡನಿಗೂ ಅವನ್ನು ಹಿಡಿದಿಟ್ಟಿದ್ದಳು. ಇಬ್ಬರೂ ಮನಗೂಳಿಯಲ್ಲಿ ಒಂದೇ ಓಣಿಯಲ್ಲಿ ಬೆಳೆದವರು. ಸುವರ್ಣಾಳ ಗಂಡ ಸಿದ್ದಲಿಂಗ ಮಾಸ್ತರರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಒಮ್ಮೆಯೂ ಸಮುದ್ರ ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ಹೋಗೋಣ ಎಂದು ಹೆಂಡತಿಗೆ ಮಾತು ಕೊಟ್ಟಿದ್ದರು. ಆದರೆ ಸಕ್ಕರೆ ಕಾಯಿಲೆಯ ಮನುಷ್ಯ, ದಿನಾ ಎರಡು ಪೇಪರ್ ಓದುವವರು.

"ಶಂಕ್ರಿ, ನಮ್ಮನ್ನ ಬಿಟ್ಟುಬಿಡು," ಎಂದು ಸುವರ್ಣಾ ಫೋನಿನಲ್ಲಿ ಹೇಳಿದಳು. "ಇವರು ಪೇಪರ್ ನೋಡಿ ಅಂಜ್ಯಾರ. ನನಗೂ ಯಾಕೋ ಮನಸ್ಸು ಒಲ್ಲೆ ಅಂತೈತಿ."

"ಮಾಸ್ತರಿಗೆ ಕೊಡು ಫೋನ್."

ಮಾಸ್ತರರು ಫೋನು ತೆಗೆದುಕೊಂಡರು. ಶಂಕ್ರೆವ್ವ ಅವಸರ ಮಾಡಲಿಲ್ಲ. "ಮಾಸ್ತರ, ಮೊನ್ನಿ ಭಾಂವನ ಮಗನ ಮದಿವ್ಯಾಗ ಎಷ್ಟು ಮಂದಿ ಇದ್ರು?"

"ಇದ್ರು, ಮುನ್ನೂರು ನಾಕುನೂರು."

"ಅಲ್ಲಿ ಉಂಡು ಆರಾಮ ಬಂದೀರಿ. ನನ್ನ ಬಸ್ಸಿನಾಗ ನಲವತ್ತ ಮಂದಿ, ಎಲ್ಲ ನಮ್ಮವರ. ಹೊರಗಿನವರು ಒಬ್ಬರಿಲ್ಲ. ಊಟ ನನ್ನ ಕೈಯಾಂದು. ಖಿಡಕಿ ತೆರದಿರ್ತಾವು. ಅಂಜೂದು ಎದಕ?"

ಆಗ ಶಂಕ್ರೆವ್ವ ಕೊನೆಗೆಂದು ಇಟ್ಟುಕೊಂಡಿದ್ದ ಮಾತು ತೆಗೆದಳು. "ಮೂವತ್ತು ವರ್ಷ ಸಾಲಿ ಹುಡುಗರಿಗೆ ಸಮುದ್ರ ಹೇಳಿಕೊಟ್ರಿ. ಒಮ್ಮಿ ಕಾಲು ತೋಯಿಸ್ಕೊಂಡು ಬರ್ರಲ್ಲ. ಇನ್ನ ಯಾವಾಗ?"

ಮಾಸ್ತರರು ನಕ್ಕರು. "ಬರ್ಕೊ ತಂಗಿ, ಎರಡು ಸೀಟು."

ಫೋನು ಇಟ್ಟಾಗ ಆಕೆಗೆ ಹಿಗ್ಗಾಗಿತ್ತು. ಕಷ್ಟದ ಸೀಟು ತುಂಬಿಸಿದಾಗ ಪ್ರತಿಸಲವೂ ಆಗುತ್ತಿದ್ದ ಹಿಗ್ಗೇ ಅದು.

ಬಸ್ಸು ಹೊರಟಿತು. ಹುಬ್ಬಳ್ಳಿ ದಾಟಿ, ಶಿರಸಿಯ ಘಟ್ಟ ಇಳಿದು, ಗೋಕರ್ಣ, ಮುರುಡೇಶ್ವರ, ಉಡುಪಿ, ಕೊನೆಗೆ ಧರ್ಮಸ್ಥಳ. ಊರು ಬಂದು ಬಸ್ಸು ನಿಂತರೆ ಎಲ್ಲರೂ ಮಾಸ್ಕು ಮೇಲೇರಿಸಿಕೊಂಡು, ಅಪರಿಚಿತರಿಂದ ಮಾರು ದೂರ ಸರಿದು ನಡೆಯುತ್ತಿದ್ದರು. ಬಸ್ಸು ಹತ್ತಿದೊಡನೆ ಅದನ್ನು ಗದ್ದಕ್ಕಿಳಿಸಿ, ಒಂದೇ ಡಬ್ಬಿಯಿಂದ ಚುರುಮುರಿ ಮುಕ್ಕುತ್ತಿದ್ದರು. ಬಿಸಿಗಾಳಿ ಹೊಡೆಯುತ್ತದೆಂದು ಎರಡನೆಯ ದಿನವೇ ಖಿಡಕಿಗಳು ಮುಚ್ಚಿದವು. ಮೂಗು ಮುಚ್ಚಿಕೊಂಡೇ ಇದ್ದವನು ಬಾಬುಲಾಲ ಒಬ್ಬ. "ನಮ್ಮ ಮ್ಯಾಲ ಸಂಶಯ ಏನೋ ಬಾಬು?" ಎಂದು ಹೆಂಗಸರು ಚೇಷ್ಟೆ ಮಾಡಿದರು. ಅವನು ಕನ್ನಡಿಯಲ್ಲಿ ನೋಡಿ ನಕ್ಕ. ಮರುದಿನದಿಂದ ಅವನ ಮಾಸ್ಕೂ ಗದ್ದಕ್ಕೆ ಬಂತು.

ಅಗರಖೇಡದ ಮಡಿವಾಳಪ್ಪ ಹತ್ತುವಾಗಲೇ ಕೆಮ್ಮುತ್ತಿದ್ದ. ಭೀಮಾ ನದಿಯ ದಂಡೆಯಲ್ಲಿ ಕಬ್ಬು ಬೆಳೆಯುವ ಮನುಷ್ಯ, ಹೆಂಡತಿಯ ಜೊತೆ ಬಂದಿದ್ದ. ಕೇಳಿದರೆ ಕಬ್ಬಿನ ರವದಿ ಸುಟ್ಟ ಹೊಗೆ ಎಂದ. ಹೊಳೆ ದಾಟಿ ಸೊಲ್ಲಾಪುರದ ಕಡೆಯ ಬೀಗರ ಮದುವೆಗೆ ಹೋಗಿ ಬಂದು ಐದೇ ದಿನವಾಗಿತ್ತು ಎಂಬುದನ್ನು ಹೇಳಲಿಲ್ಲ. ಹೇಳಿದ್ದರೆ ಸೀಟು ತಪ್ಪುತ್ತಿತ್ತು. ಹಿಂದಿನ ವರ್ಷ ತಪ್ಪಿದ ಮೂವತ್ತೆಂಟರಲ್ಲಿ ಅವರ ಸೀಟುಗಳೂ ಇದ್ದವು.

ಮುರುಡೇಶ್ವರದ ದಂಡೆಯಲ್ಲಿ ಸಿದ್ದಲಿಂಗ ಮಾಸ್ತರರು ಧೋತ್ರ ಎತ್ತಿ ಕಟ್ಟಿ ಮೊಣಕಾಲ ತನಕ ನೀರಿಗೆ ಇಳಿದರು. ಮೊದಲ ತೆರೆ ಬಂದು ಹೊಡೆದಾಗ ಹಿಂದಕ್ಕೆ ವಾಲಿ ಸುವರ್ಣಾಳ ಕೈ ಹಿಡಿದುಕೊಂಡರು. ಆಮೇಲೆ ಬೊಗಸೆಯಲ್ಲಿ ನೀರು ತುಂಬಿ ನಾಲಿಗೆಗೆ ಹಚ್ಚಿಕೊಂಡರು.

"ಖರೇನ ಉಪ್ಪು ಐತ್ಯೋ!" ಎಂದು ಕೂಗಿದರು.

"ಹುಚ್ಚರಂಗ ಮಾಡಬ್ಯಾಡ್ರಿ, ಮಂದಿ ನೋಡಾಕತ್ತಾರ," ಎಂದು ಸುವರ್ಣಾ ನಗುತ್ತ ಅವರ ಹೆಗಲಿನ ಟಾವೆಲ್ ಎಳೆದಳು. ಮಾಸ್ತರರು ದಂಡೆಯ ಮೇಲೆ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಉಬ್ಬರ, ಇಳಿತ, ಚಂದ್ರನ ಸೆಳೆತ ಎಂದು ಉಸುಕಿನಲ್ಲಿ ಬೆರಳಿನಿಂದ ಬರೆದು ಹೇಳಿದರು. ಅರ್ಧ ಗಂಟೆ ಯಾರೂ ಏಳಲಿಲ್ಲ. ಇಷ್ಟು ವರ್ಷಗಳಲ್ಲಿ ಇಂಥ ಸಂಜೆ ತನ್ನ ಬಸ್ಸಿಗೆ ಬಂದಿರಲಿಲ್ಲ ಎಂದು ಶಂಕ್ರೆವ್ವ ಅಂದುಕೊಂಡಳು.

ಮರುದಿನ ಮಧ್ಯಾಹ್ನ ಉಡುಪಿಯ ಹತ್ತಿರ ಒಂದು ಛತ್ರದ ಅಂಗಳದಲ್ಲಿ ಊಟ. ಪುಂಡಿಪಲ್ಯ, ರೊಟ್ಟಿ, ಕುಟ್ಟಿದ ಹಸಿಮೆಣಸಿನಕಾಯಿ. ಮಡಿವಾಳಪ್ಪ ಎರಡು ತುತ್ತು ತಿಂದು ಕೂಗಿದ, "ಶಂಕ್ರಕ್ಕಾ, ಇವತ್ತು ಖಾರ ಹಾಕೂದ ಮರ್ತೀಯೇನು? ಪಲ್ಯದಾಗ ಹುಳಿನೂ ಇಲ್ಲ."

ಅವನ ಪಕ್ಕದಲ್ಲಿ ಕೂತವರ ಮೂಗು ಕಣ್ಣಲ್ಲಿ ನೀರಿಳಿಯುತ್ತಿತ್ತು. ಅವರು ನಕ್ಕರು. ಶಂಕ್ರೆವ್ವನ ಕೈಯಲ್ಲಿದ್ದ ಸೌಟು ನಿಂತಿತು. ಊಟ ಮುಗಿದ ಮೇಲೆ ಅವನನ್ನು ನೀರಿನ ಟಾಕಿಯ ಹಿಂದಕ್ಕೆ ಕರೆದು, ಇಂಗಿನ ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದಳು.

"ವಾಸನಿ ಬರ್ತೈತೇನು?"

ಮಡಿವಾಳಪ್ಪ ಡಬ್ಬಿ ನೋಡಿದ, ಆಕೆಯನ್ನು ನೋಡಿದ. "ನಿನ್ನಿಯಿಂದ ಇಲ್ಲ. ಯಾರಿಗೂ ಹೇಳಬ್ಯಾಡ ಅಕ್ಕಾ, ನಿನ್ನ ಕಾಲಿಗೆ ಬೀಳ್ತೇನಿ. ನನ್ನ ಹೇಣ್ತಿ ಧರ್ಮಸ್ಥಳ ಕಾಣಬೇಕಂತ ಎರಡು ವರ್ಷದಿಂದ ಜಪಾ ಮಾಡಾಕತ್ತಾಳ. ನಾಳೆ ಒಂದಿನ. ನನಗ ಏನೂ ಆಗಿಲ್ಲ, ಗಟ್ಟಿ ಅದೇನಿ."

ಶಂಕ್ರೆವ್ವ ಡಬ್ಬಿಯ ಮುಚ್ಚಳ ಹಾಕಿದಳು. ಸೊಸೆ ಹೇಳಿದ್ದು ಪಕ್ಕಾ ನೆನಪಿತ್ತು. ಈಗ ಬಾಯಿಬಿಟ್ಟರೆ ಗೊತ್ತಿಲ್ಲದ ಊರಿನಲ್ಲಿ ನಲವತ್ತು ಜನ ಕಂಗಾಲಾಗುತ್ತಾರೆ, ಬಸ್ಸನ್ನು ಹಿಡಿದು ನಿಲ್ಲಿಸುತ್ತಾರೆ, ಊರಲ್ಲಿ ತನ್ನ ಹೆಸರು ಕೆಡುತ್ತದೆ. ಹೇಳದಿದ್ದರೆ? ಬಿಸಿಲಿನ ತಾಪಕ್ಕೂ ಬಾಯಿ ಕೆಡುತ್ತದೆ, ನೆಗಡಿಗೂ ಮೂಗು ಕಟ್ಟುತ್ತದೆ. ಇಷ್ಟು ವರ್ಷ ಊರವರ ಅಂಜಿಕೆಗೆಲ್ಲ ಮಾತು ಹುಡುಕಿದ ಹೆಂಗಸು, ಆ ಟಾಕಿಯ ಹಿಂದೆ ನಿಂತು ತನ್ನ ಅಂಜಿಕೆಗೂ ಒಂದು ಮಾತು ಹುಡುಕಿಕೊಂಡಳು.

"ಹಿಂದಿನ ಸೀಟಿಗೆ ಹೋಗು. ಮೂತಿ ಮುಚ್ಚಿಕೊ. ಕಷಾಯ ಮಾಡಿಕೊಡ್ತೇನಿ."

ಸಂಜೆ ಭುವನೇಶ್ವರಿ ಫೋನ್ ಮಾಡಿದಳು. "ಎಲ್ಲಾರೂ ಆರಾಮ ಅದಾರೇನ್ರಿ ಅತ್ತಿ?"

"ಆರಾಮ ಅದೀವಿ," ಎಂದಳು ಶಂಕ್ರೆವ್ವ.

ಧರ್ಮಸ್ಥಳದಿಂದ ತಿರುಗಿ ಬರುವಾಗ ಮಾಸ್ತರರ ಕಾಲು ಬಾತಿದ್ದವು. ಸಕ್ಕರೆಯವರಿಗೆ ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತರೆ ಹಾಗಾಗುತ್ತದೆ. ಹಿಂದಿನ ಉದ್ದ ಸೀಟಿನಲ್ಲಿ ಕಾಲು ಚಾಚಬಹುದು ಎಂದು ಅವರು ಎದ್ದು ಹೋದರು. ಮಡಿವಾಳಪ್ಪ ಸರಿದು ಜಾಗ ಕೊಟ್ಟ. ಶಂಕ್ರೆವ್ವ ಮುಂದಿನ ಸೀಟಿನಿಂದ ತಿರುಗಿ ನೋಡಿದಳು. ಅಲ್ಲಿ ಕೂಡಬೇಡಿ ಎನ್ನಬೇಕಿತ್ತು. ಯಾಕೆ ಎಂದು ಕೇಳಿದರೆ ಕಾರಣ ಹೇಳಬೇಕಾಗುತ್ತಿತ್ತು. ಹಾವೇರಿಯಿಂದ ಮನಗೂಳಿಯ ತನಕ ಇಬ್ಬರೂ ಹೆಗಲಿಗೆ ಹೆಗಲು ಹಚ್ಚಿ ಮಾತಾಡುತ್ತ ಬಂದರು. ಹೊಳೆಯ ನೀರು ಕಡಲು ಸೇರುವುದು ಹೇಗೆಂದು ಮಾಸ್ತರರು ಅವನಿಗೆ ಹೇಳುತ್ತಿದ್ದರು. ಆಕೆ ಮತ್ತೆ ತಿರುಗಿ ನೋಡಲಿಲ್ಲ.

ಯುಗಾದಿಯ ದಿನ ಶಂಕ್ರೆವ್ವ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡರೆ ಕಹಿಯೂ ಇಲ್ಲ, ಸಿಹಿಯೂ ಇಲ್ಲ. ಅಂದೇ ಗೊಳಸಂಗಿಯಲ್ಲಿ ಮಾಸ್ತರರಿಗೆ ಜ್ವರ, ಸಿಂದಗಿಯಲ್ಲಿ ಬಾಬುಲಾಲನಿಗೆ ಮೈಕೈ ನೋವು. ಭುವನೇಶ್ವರಿ ಅತ್ತೆಯನ್ನು ಗಿರಣಿಯ ಹಿಂದಿನ ಕೋಣೆಯಲ್ಲಿ ಇರಿಸಿ, ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಬಸ್ಸಿನಲ್ಲಿ ಬಂದವರ ಹೆಸರು ಕೇಳಿ ಬರೆದುಕೊಂಡಳು. ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಮೂರನೆಯ ದಿನ ಬಂದು ಬಾಗಿಲ ಆಚೆಯೇ ನಿಂತಳು.

"ಅತ್ತಿ, ಅಗರಖೇಡದ ಮಡಿವಾಳಪ್ಪಗ ಉಡುಪ್ಯಾಗ ರುಚಿ ಹೋಗಿತ್ತಂತ. ನಿಮಗ ಹೇಳಿದ್ನಂತ. ಹೌದ್ರೇನು?"

ಒಳಗಿನಿಂದ "ಹೌದು" ಎಂಬ ದನಿ ಬಂತು.

ಭುವನೇಶ್ವರಿ ಬೈಯಲಿಲ್ಲ. ಹಾಳೆ ತಿರುವಿದ ಸಪ್ಪಳ ಕೇಳಿಸಿತು. "ಅವನ ಮುಂದಿನ ಸೀಟಿನ್ಯಾಗ ಯಾರ್ಯಾರು ಕೂತಿದ್ರು, ಮತ್ತೊಮ್ಮಿ ಹೇಳ್ರಿ," ಎಂದಳು.

ಮಾಸ್ತರರನ್ನು ವಿಜಯಪುರಕ್ಕೆ ಒಯ್ದರು. ಮೂರು ಕಡೆ ಹಾಸಿಗೆ ಇಲ್ಲ ಎಂದರು, ನಾಲ್ಕನೆಯ ಕಡೆ ವರಾಂಡದಲ್ಲಿ ಸಿಕ್ಕಿತು. ಸುವರ್ಣಾ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಆರು ದಿನ ಕೂತಳು. ಏಳನೆಯ ದಿನ ಮುಂಜಾನೆ ಅವರ ಚಷ್ಮಾ, ಹಲ್ಲಿನ ಸೆಟ್ಟು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹೊರಗೆ ತಂದು ಕೊಟ್ಟರು. ಮುಖ ತೋರಿಸಲಿಲ್ಲ. ಅದಕ್ಕೆ ಮೂರು ದಿನ ಮೊದಲು ಬಾಬುಲಾಲ ಸಿಂದಗಿಯಲ್ಲಿ ಮನೆಯ ಪಡಸಾಲೆಯಲ್ಲೇ ತೀರಿಕೊಂಡಿದ್ದ. ಮನಗೂಳಿಯ ಒಬ್ಬ ಮುದುಕಿಯೂ ಹೋದಳು. ಆಕೆ ಬಸ್ಸು ಹತ್ತಿದವಳೇ ಅಲ್ಲ, ಹತ್ತಿದ್ದ ಮಗಳ ಕೈಯ ಊಟ ಉಂಡವಳು. ಬಸ್ಸಿನಲ್ಲಿ ಅರ್ಧಕ್ಕೂ ಹೆಚ್ಚು ಜನ ಮಲಗಿ ಎದ್ದರು. ಮಡಿವಾಳಪ್ಪನಿಗೆ ಜ್ವರ ಸಹ ಬರಲಿಲ್ಲ.

ಮತ್ತೆ ಆಗಿದ್ದ ಬಂದ್ ತೆರವಾಗಿ, ದುಡಿಯಲು ಗುಳೇ ಹೋದವರು ತಿರುಗಿ ಬಂದು, ಅಂಗಡಿಗಳು ತೆರೆದು, ಬಸ್ಸು ಓಡತೊಡಗಿದಾಗ ಆಷಾಢ ಬಂದಿತ್ತು. ಶಂಕ್ರೆವ್ವ ಮೊದಲು ಸಿಂದಗಿಗೆ ಹೋದಳು. ಬಾಬುಲಾಲನ ಹೆಂಡತಿ ಜೈತುನಬಿ ಬಸ್ಸಿನ ಡಿಕ್ಕಿಯಲ್ಲಿ ಉಳಿದಿದ್ದ ಪಾತೇಲಿ, ಸೌಟುಗಳನ್ನು ತೊಳೆದು, ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದಳು.

"ನೀವು ಬರ್ತೀರಿ ಅಂತ ಗೊತ್ತಿತ್ತು ಅಕ್ಕಾ. ಜ್ವರದಾಗೂ ಅವರು ಅದನ್ನ ಅಂತಿದ್ರು, ಅಕ್ಕಾರ ಸಾಮಾನು ಮುಟ್ಟಿಸಬೇಕಂತ."

ಶಂಕ್ರೆವ್ವ ಹೇಳಲು ತಂದ ಮಾತನ್ನು ಬಾಯಿತನಕ ತಂದಳು. ಜೈತುನಬಿ ಚಹಾ ಕೊಟ್ಟಳು. ಶಂಕ್ರೆವ್ವ ಪಾತೇಲಿ ಹೊತ್ತುಕೊಂಡು ಅದನ್ನು ಹೇಳದೆಯೇ ಬಂದುಬಿಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಕೂತು ತನ್ನ ಬಗ್ಗೆ ತನಗೇ ಹೇಸಿಗೆಯಾಗಿ, ಮರುದಿನವೇ ಗೊಳಸಂಗಿಗೆ ಹೋದಳು.

ಸುವರ್ಣಾ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಅನ್ನಲಿಲ್ಲ. ಆಕೆಯ ಹಿಂದೆ ಗೋಡೆಗೆ ಮಾಸ್ತರರ ಫೋಟೋ. ಮುರುಡೇಶ್ವರದಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದದ್ದನ್ನು ದೊಡ್ಡದು ಮಾಡಿಸಿ ಹಾಕಿದ್ದರು. ಬೇರೆ ಒಳ್ಳೆಯ ಫೋಟೋ ಇರಲಿಲ್ಲವೇನೋ. ನಗುತ್ತಿದ್ದರು, ಧೋತ್ರದ ಅಂಚು ತೋಯ್ದಿತ್ತು.

"ಶಂಕ್ರಿ, ಒಂದು ಕೇಳ್ತೇನಿ. ಆ ಅಗರಖೇಡದವಗ ರುಚಿ ಹೋಗಿತ್ತು ಅನ್ನೂದು ನಿನಗ ಮೊದ್ಲ ಗೊತ್ತಿತ್ತಂತ ಮಂದಿ ಅಂತಾರ. ಸುಳ್ಳು ಹೌದಲ್ಲ?"

ಹೌದು, ಸುಳ್ಳು ಎಂದಿದ್ದರೆ ಸುವರ್ಣಾ ನಂಬುತ್ತಿದ್ದಳು. ನಂಬಲೆಂದೇ ಕೇಳಿದ್ದಳು.

"ಗೊತ್ತಿತ್ತು," ಎಂದಳು ಶಂಕ್ರೆವ್ವ. "ಮಾಸ್ತರು ಅವನ ಮಗ್ಗಲಿಗೆ ಹೋಗಿ ಕೂಡೂದನ್ನೂ ನೋಡಿದೆ. ಏಳ್ರಿ ಅನ್ನಲಿಲ್ಲ."

ಸುವರ್ಣಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಾ ಬ್ಯಾಡಂದಿದ್ನಲ್ಲ," ಎಂದಳು. "ಅವರೂ ಬ್ಯಾಡಂದಿದ್ರು. ಫೋನ್ ಕೊಡು ಅಂದಿ, ನಾನ ಕೈಯಾರೆ ಕೊಟ್ಟೆ." ಆಮೇಲೆ ದನಿ ಏರಿಸದೆ ಹೇಳಿದಳು, "ಹೋಗವ್ವ ಇನ್ನ. ಈ ಮನಿಗೆ ಬರಬ್ಯಾಡ." ಬಾಗಿಲು ಮೆಲ್ಲಗೆ ಮುಚ್ಚಿತು. ಒಳಗಿನಿಂದ ಅಗುಳಿ ಹಾಕಿದ್ದು ಕೇಳಿಸಿತು.

ಶ್ರಾವಣದಲ್ಲಿ ಊರಿಗೆ ಸೂಜಿ ಮದ್ದು ಹೆಚ್ಚು ಬಂತು. ಹಾಕಿಸಿಕೊಳ್ಳುವವರು ಬರಲಿಲ್ಲ. ಭುವನೇಶ್ವರಿ ಬಾಗಿಲು ಬಾಗಿಲು ತಿರುಗಿ ಗಂಟಲು ಹರಿದುಕೊಂಡಳು. ಒಂದು ದಿನ ಅತ್ತೆಯ ಮುಂದೆ ಬಂದು ಕೂತಳು. ಆ ಬಾಗಿಲಾಚೆಯ ಮಾತಾದ ಮೇಲೆ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು.

"ನನ್ನ ಮಾತು ಕೇಳವಲ್ರು. ನೀವು ಬರ್ತೀರೇನ್ರಿ? ಮಂದೀನ ಒಪ್ಪಸೂದು ನಿಮಗ ಗೊತ್ತೈತಿ."

ಶಂಕ್ರೆವ್ವ ಹೋದಳು. ಯಾರಿಗೆ ಯಾವ ಅಂಜಿಕೆ ಎಂಬುದು ಆಕೆಗೆ ಈಗಲೂ ತಿಳಿಯುತ್ತಿತ್ತು. ಒಬ್ಬಳಿಗೆ ಮಕ್ಕಳಾಗುವುದಿಲ್ಲವೆಂಬ ಅಂಜಿಕೆ, ಒಬ್ಬನಿಗೆ ಕೈ ಸೆಟೆದುಕೊಳ್ಳುತ್ತದೆಂಬ ಅಂಜಿಕೆ. ಅದಕ್ಕೆ ತಕ್ಕ ಮಾತೂ ನಾಲಿಗೆಗೆ ಬರುತ್ತಿತ್ತು. ಆದರೆ ನಾಲ್ಕನೆಯ ಮನೆಯಲ್ಲಿ, ಎರಡು ಸಲ ತನ್ನ ಬಸ್ಸಿನಲ್ಲಿ ಬಂದಿದ್ದ ಹೆಂಗಸು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಅಂದಳು:

"ಬಸ್ಸಿನಾಗ ಎಲ್ಲ ನಮ್ಮವರ ಅದಾರ, ಅಂಜೂದು ಎದಕ ಅಂತ ನೀನ ಅಂದಿದ್ದಿ. ಅದನ್ನ ಕೇಳಿ ಬಂದೆ. ಬಂದು ನಮ್ಮತ್ತೀನ ಕಳ್ಕೊಂಡೆ. ಈಗ ಸೂಜಿಗೆ ಅಂಜೂದು ಎದಕ ಅನ್ನಾಕ ಬಂದೀಯೇನು?"

ಅದು ಮಗಳ ಕೈಯ ಊಟ ಉಂಡು ಸತ್ತ ಮುದುಕಿಯ ಮನೆಯಲ್ಲ. ಈಕೆಯ ಅತ್ತೆ ಬೇರೆ. ಆ ಸಾವನ್ನು ಯಾರೂ ಬಸ್ಸಿನ ಲೆಕ್ಕಕ್ಕೆ ಹಿಡಿದಿರಲಿಲ್ಲ. ಶಂಕ್ರೆವ್ವನಿಗೆ ಅಂದೇ ಗೊತ್ತಾಯಿತು, ಮೂರಲ್ಲ, ನಾಲ್ಕು. ಇನ್ನೆಷ್ಟಿವೆಯೋ ಯಾರಿಗೆ ಗೊತ್ತು.

ಆಕೆ ಆ ಅಂಗಳದಲ್ಲಿ ಕೂತುಬಿಟ್ಟಳು. "ನೀ ಅನ್ನೂದು ಖರೆ," ಎಂದಳು. "ನನ್ನ ಮಾತು ಕೇಳಬ್ಯಾಡ. ನಮ್ಮ ಸೊಸಿ ಮಾತು ಕೇಳು. ಆಕಿ ಅವತ್ತು ನನಗ ಹೋಗಬ್ಯಾಡ ಅಂದಿದ್ಲು. ನಾ ಆಕಿ ಮಾತು ಕೇಳಲಿಲ್ಲ." ಆ ಹೆಂಗಸು ಮತ್ತೆ ರೊಟ್ಟಿ ಬಡಿಯತೊಡಗಿದಳು. ಮರುವಾರ ಒಬ್ಬಳೇ ಬಂದು ಸೂಜಿ ಹಾಕಿಸಿಕೊಂಡು ಹೋದಳೆಂದು ಭುವನೇಶ್ವರಿ ಹೇಳಿದಳು. ಓಣಿಯ ಬಹಳ ಮನೆಗಳವರು ಬರಲೇ ಇಲ್ಲ. ಅಷ್ಟರಲ್ಲಿ ಗಿರಣಿಗೆ ಬರುವವರೂ ಕಡಿಮೆಯಾಗಿದ್ದರು. ಬಜಾರಿನ ಆ ಕಡೆ ಇನ್ನೊಂದು ಗಿರಣಿ ಆಗಿತ್ತು.

ಎರಡು ವರ್ಷ ಕಳೆದ ಮೇಲೆ, ರಾಶಿ ಮುಗಿಯುವ ಹೊತ್ತಿಗೆ, ಮಡಿವಾಳಪ್ಪ ಅಗರಖೇಡದಿಂದ ಮೋಟಾರ್ ಸೈಕಲ್ ಮೇಲೆ ಬಂದ. ಮೈ ತುಂಬಿಕೊಂಡಿದ್ದ.

"ಅಕ್ಕಾ, ಈ ಸಲ ಬಸ್ ಯಾವಾಗ? ನಮ್ಮ ಕಡಿಂದ ಹನ್ನೆರಡು ಮಂದಿ ತಯಾರ ಅದಾರ."

ಶಂಕ್ರೆವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ನಾಚಿಕೆ ಕಾಣಲಿಲ್ಲ, ಕೆಟ್ಟತನವೂ ಕಾಣಲಿಲ್ಲ. ತಿರುಗಾಟಕ್ಕೆ ಹೋಗಬೇಕೆನ್ನುವ ಮನುಷ್ಯನ ಮುಖ.

"ಬಸ್ ಇಲ್ಲ. ಮಾಸ್ತರು ಸತ್ತದ್ದು ನಮ್ಮಿಬ್ಬರಿಂದ. ಗೊತ್ತೈತೇನು ನಿನಗ?"

"ಅದು ಅವರ ಆಯುಷ್ಯ ಅಕ್ಕಾ. ಜಗತ್ತಿನ್ಯಾಗ ಎಷ್ಟು ಮಂದಿ ಹೋದ್ರು," ಎಂದ ಅವನು. ಮೋಟಾರ್ ಸೈಕಲ್ ಹತ್ತಿ ಹೊರಟುಹೋದ. ಮುದ್ದೇಬಿಹಾಳದ ಯಾರೋ ಬಸ್ಸು ಮಾಡಿದರು. ಮನಗೂಳಿಯಿಂದಲೂ ಹದಿನಾರು ಜನ ಹೋದರು. ಸೀಟು ತುಂಬಲು ಯಾರೂ ಯಾರನ್ನೂ ಒಪ್ಪಿಸಬೇಕಾಗಲಿಲ್ಲ.

ಅವರು ತಿರುಗಿ ಬಂದ ಮೇಲೆ ಗಿರಣಿಗೆ ಬಂದ ಒಬ್ಬಾಕೆ ಪಾಳಿಗೆ ಕೂತು ಹೇಳಿದಳು: ಆ ಬಸ್ಸಿಗೆ ಗೊಳಸಂಗಿ ಸುವರ್ಣಾ ಬಂದಿದ್ದಳು. ಬಸ್ಸಿನಲ್ಲಿ ಯಾರ ಕೂಡಲೂ ಮಾತಿಲ್ಲ. ಎಲ್ಲ ಖಿಡಕಿ ತೆರೆಸಿದಳು, ಯಾರೂ ಮುಚ್ಚದಂತೆ ಆರು ದಿನ ಕಾದಳು. ಕೆಮ್ಮಿದವರನ್ನು ಎಬ್ಬಿಸಿ ಬೇರೆ ಕಡೆ ಕೂಡಿಸಿದಳು, ಮುದ್ದೇಬಿಹಾಳದವರು ಆಕೆಯ ಕೂಡ ಜಗಳ ತೆಗೆದರು. ಮುರುಡೇಶ್ವರದಲ್ಲಿ ಎಲ್ಲರೂ ಇಳಿದರೂ ಆಕೆ ಇಳಿಯಲಿಲ್ಲ.

ಶಂಕ್ರೆವ್ವ ಕಾಳು ಸುರಿಯುವುದನ್ನು ನಿಲ್ಲಿಸಿ ಕೇಳಿದಳು, "ಉಂಡಳೇನು?"

"ಕಟ್ಟಿಕೊಂಡು ಬಂದಿದ್ಲು. ಬುತ್ತಿ ಬಿಚ್ಚಿ ಒಬ್ಬಾಕಿನ ಕೂತು ಉಂಡ್ಲು."

ಶಂಕ್ರೆವ್ವ ತಲೆಯಾಡಿಸಿ, ಆಕೆಯ ಜೋಳದ ಡಬ್ಬಿ ಎತ್ತಿಕೊಂಡು ಗಿರಣಿಗೆ ಸುರಿದಳು.